ಕೃಷ್ಣೆಯ ಆಚೆಯ ದಡ: ಕೃಷ್ಣದೇವರಾಯನ ಚಿತ್ರಗಳಲ್ಲಿ ರಾಜಕೀಯ ಪ್ರಚಾರದ ಸ್ವರೂಪ

ಐತಿಹಾಸಿಕ ಚಲನಚಿತ್ರ ಮತ್ತು ರಾಜಕೀಯ ಪ್ರಚಾರ, ಇವೆರಡರ ಸಂಬಂಧವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಯುರೋಪಿನ ಉದಾಹರಣೆಗಳಿಂದಲೇ ತೊಡಗುತ್ತದೆ. ಐಸೆನ್‌ಸ್ಟೈನನ 'ಅಲೆಕ್ಸಾಂಡರ್ ನೆವ್‌ಸ್ಕಿ' 1938ರಲ್ಲಿ ತೆರೆಗೆ ಬಂದಿತು. ಮರುವರ್ಷ ಸೋವಿಯತ್ ಸರ್ಕಾರವು ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡ ಕೂಡಲೇ ಆ ಚಿತ್ರವನ್ನು ಹಿಂತೆಗೆದುಕೊಳ್ಳಲಾಯಿತು. 1941ರಲ್ಲಿ ಜರ್ಮನಿ ದಾಳಿಯಿಟ್ಟಾಗ ಅದು ಮತ್ತೆ ಚಿತ್ರಮಂದಿರಗಳನ್ನು ಸೇರಿತು. ಗೊಬೆಲ್ಸನ ಆಸ್ಥೆಯಿಂದ ತಯಾರಾದ 'ಕೋಲ್ಬೆರ್ಗ್' 1945ರ ಜನವರಿಯಲ್ಲಿ, ಸೋಲು ಬಾಗಿಲಿಗೆ ಬಂದು ನಿಂತಾಗ ಪ್ರದರ್ಶನಗೊಂಡಿತು. ಇಂತಹ ಸಂದರ್ಭಗಳಲ್ಲಿ ಪ್ರಚಾರವನ್ನು ಗುರುತಿಸುವುದು ಕಷ್ಟವಲ್ಲ. ಆಜ್ಞೆ ಕೊಟ್ಟ ಕಚೇರಿ ಇದೆ, ಹಣ ಕೊಟ್ಟ ಖಜಾನೆ ಇದೆ, ಹಿಂತೆಗೆದುಕೊಂಡ ಕೈ ಇದೆ. ದಕ್ಷಿಣ ಭಾರತದ ಐತಿಹಾಸಿಕ ಚಿತ್ರಗಳ ಹಿಂದೆ ಇಂತಹ ಕಚೇರಿ ಇರಲಿಲ್ಲ. ಆದುದರಿಂದ ಅವುಗಳನ್ನು ಮನರಂಜನೆ ಎಂದೋ, ಹೆಚ್ಚೆಂದರೆ ನಾಡಪ್ರೇಮ ಎಂದೋ ಕರೆದು ಮುಂದೆ ಸಾಗುವುದು ನಮ್ಮ ವಿಮರ್ಶೆಯ ರೂಢಿಯಾಗಿದೆ. ಈ ರೂಢಿಯನ್ನು ನಾವು ಒಪ್ಪಲಾರೆವು. ಆಜ್ಞೆಯಿಲ್ಲದೆ ನಡೆಯುವ ಪ್ರಚಾರವು ಆಜ್ಞೆಯಿಂದ ನಡೆಯುವ ಪ್ರಚಾರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ಕೃಷ್ಣದೇವರಾಯನನ್ನು ಕುರಿತ ಚಿತ್ರಗಳೇ ನಿದರ್ಶನ.

ಇಲ್ಲಿ ನಾವು ಮುಖ್ಯವಾಗಿ ಪರಿಶೀಲಿಸುವ ಚಿತ್ರಗಳು ನಾಲ್ಕು: ಬಿ.ಎನ್. ರೆಡ್ಡಿಯವರ 'ಮಲ್ಲೀಶ್ವರಿ' (1951), ಬಿ.ಎಸ್. ರಂಗಾ ಅವರ 'ತೆನಾಲಿ ರಾಮಕೃಷ್ಣ' (1956), ಕಮಲಾಕರ ಕಾಮೇಶ್ವರರಾವ್ ಅವರ 'ಮಹಾಮಂತ್ರಿ ತಿಮ್ಮರಸು' (1962), ಕನ್ನಡದಲ್ಲಿ ಬಿ.ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ' (1970). ಹಂಪೆಯನ್ನು ಕೇಂದ್ರವಾಗಿಟ್ಟುಕೊಂಡು ಇವುಗಳನ್ನು ನೋಡುವುದು ಸಹಜವಾದ ಕ್ರಮ. ನಾವು ಉದ್ದೇಶಪೂರ್ವಕವಾಗಿ ಹಂಪೆಯನ್ನು ಬಿಟ್ಟು ವಿಜಯವಾಡ ಮತ್ತು ವಿಶಾಖಪಟ್ಟಣಗಳಿಂದ ನೋಡಲು ಬಯಸುತ್ತೇವೆ. ಕಾರಣವಿಷ್ಟೆ: ಈ ಚಿತ್ರಗಳಲ್ಲಿ 'ಕಳಿಂಗ ವಿಜಯ' ಎಂಬ ಹೆಸರಿನಲ್ಲಿ ಬರುವ ಯುದ್ಧವು ನಡೆದುದು ಆ ಎರಡು ನಗರಗಳ ಸುತ್ತಮುತ್ತಲೇ. ಆ ವಿಜಯದ ಚಿತ್ರಣಕ್ಕೆ ಅತಿ ದೊಡ್ಡ ಪ್ರೇಕ್ಷಕವರ್ಗವೂ ಅಲ್ಲಿಯೇ ಇದ್ದಿತು.

ಮೊದಲು ಶಾಸನಗಳು ಹೇಳುವ ಸಂಗತಿ. ಕೃಷ್ಣದೇವರಾಯನು 1509ರಲ್ಲಿ ಪಟ್ಟಕ್ಕೆ ಬಂದನು. ಗಜಪತಿ ಪ್ರತಾಪರುದ್ರನ ಮೇಲಣ ಅವನ ದಂಡಯಾತ್ರೆ 1513ರಲ್ಲಿ ಉದಯಗಿರಿಯ ಮುತ್ತಿಗೆಯಿಂದ ಆರಂಭವಾಯಿತು. ದೀರ್ಘಕಾಲದ ಮುತ್ತಿಗೆಯ ಅನಂತರ ಆ ದುರ್ಗ ಬಿದ್ದಿತು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವೇ ಹಂಪೆಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಿತವಾದುದು. 1515ರ ಜೂನಿನಲ್ಲಿ ಕೊಂಡವೀಡು ವಶವಾಯಿತು. ಗಜಪತಿಯ ಮಗ ವೀರಭದ್ರನು ಸೆರೆ ಸಿಕ್ಕಿದನು. ಬಳಿಕ ಸೇನೆ ಕೃಷ್ಣಾನದಿಯನ್ನು ದಾಟಿ, ಇಂದಿನ ವಿಜಯವಾಡಕ್ಕೆ ಕೆಲವೇ ಹರಿದಾರಿ ದೂರದ ಕೊಂಡಪಲ್ಲಿ ದುರ್ಗವನ್ನು ಹಿಡಿಯಿತು. ಗಜಪತಿಯ ಒಬ್ಬ ಪತ್ನಿಯೂ ಮಗನೂ ಏಳು ಮಂದಿ ದಳಪತಿಗಳೂ ಅಲ್ಲಿ ಸೆರೆಯಾದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ತಿಳಿಸುತ್ತಾನೆ. ಅಲ್ಲಿಂದ ರಾಜಮಹೇಂದ್ರವರದ ಮಾರ್ಗವಾಗಿ ರಾಯನು ಸಿಂಹಾಚಲವನ್ನು ತಲಪಿದನು. ಪೊಟ್ನೂರಿನಲ್ಲಿ ಜಯಸ್ತಂಭವನ್ನು ನಿಲ್ಲಿಸಿದನು. ವಿಶಾಖಪಟ್ಟಣದ ಅಂಚಿನಲ್ಲಿರುವ ಸಿಂಹಾಚಲ ದೇವಾಲಯದ 1516ರ ತೆಲುಗು ಶಾಸನವು ಈ ಪೂರ್ವದಿಗ್ವಿಜಯವನ್ನು ದುರ್ಗದ ಬಳಿಕ ದುರ್ಗವೆಂಬಂತೆ ನಿರೂಪಿಸಿ, ತಾಯಿ ನಾಗಲಾದೇವಿ ಮತ್ತು ತಂದೆ ನರಸನಾಯಕರ ಪುಣ್ಯಾರ್ಥವಾಗಿ ಅರಸನು ಅರ್ಪಿಸಿದ ಆಭರಣಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ 991 ಮುತ್ತುಗಳ ಕಂಠಮಾಲೆಯೂ ಒಂದು.

ಈ ವಿವರಗಳನ್ನು ನಕ್ಷೆಯ ಮೇಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಉದಯಗಿರಿ ನೆಲ್ಲೂರಿನ ಸೀಮೆಯದು. ಕೊಂಡವೀಡು ಗುಂಟೂರಿನದು. ಕೊಂಡಪಲ್ಲಿ ಕೃಷ್ಣಾ ಜಿಲ್ಲೆಯದಾಗಿದ್ದಿತು. ಸಿಂಹಾಚಲ ವಿಶಾಖಪಟ್ಟಣದ್ದು. ಅಂದರೆ 'ಕಳಿಂಗ ಯುದ್ಧ'ದಲ್ಲಿ ಮುತ್ತಿಗೆಗೆ ಒಳಗಾದ ಕೋಟೆಗಳು, ಸೈನ್ಯ ತುಳಿದ ಹೊಲಗದ್ದೆಗಳು ಬಹುಮಟ್ಟಿಗೆ ತೆಲುಗು ಜನರವೇ. ಕೊಂಡವೀಡಿನ ಸೀಮೆಯು 1454ರಿಂದಲೂ ಗಜಪತಿಗಳ ಆಳ್ವಿಕೆಯಲ್ಲಿದ್ದಿತು. ರಾಯನ ಸೇನೆ ಬಂದಾಗ ಅಲ್ಲಿಯ ಒಕ್ಕಲು, ಅಲ್ಲಿಯ ಪಂಡಿತ, ಅಲ್ಲಿಯ ಕೋಟೆ ಕಾಯುವ ಪದಾತಿ ಎರಡು ತಲೆಮಾರುಗಳಿಂದ ಗಜಪತಿಯ ಪ್ರಜೆಗಳು. ಇನ್ನೂ ಮುಖ್ಯವಾದುದು ಯುದ್ಧದ ಮುಕ್ತಾಯ. ಗಜಪತಿಯು ತನ್ನ ಮಗಳನ್ನು ರಾಯನಿಗೆ ಮದುವೆ ಮಾಡಿಕೊಟ್ಟನು; ರಾಯನು ಕೃಷ್ಣೆಯ ಉತ್ತರ ದಡದ ನೆಲವನ್ನು ಮಾವನಿಗೆ ಹಿಂದಿರುಗಿಸಿ ದಕ್ಷಿಣ ದಡವನ್ನು ಉಳಿಸಿಕೊಂಡನು. ವಿಜಯವಾಡವೂ ವಿಶಾಖಪಟ್ಟಣವೂ ಇರುವುದು ಉತ್ತರ ದಡದಲ್ಲಿ. ವಿಜಯದ ಚಿತ್ರವನ್ನು ನೋಡಿ ಚಪ್ಪಾಳೆ ತಟ್ಟಿದ ಈ ಎರಡು ನಗರಗಳು ಆ ವಿಜಯದ ಕೊನೆಯಲ್ಲಿ ಗಜಪತಿಯ ರಾಜ್ಯದಲ್ಲಿಯೇ ಉಳಿದವು.

ನಾಲ್ಕು ಚಿತ್ರಗಳಲ್ಲಿ ಒಂದೂ ಈ ಒಪ್ಪಂದವನ್ನು ಕಥೆಯ ತಿರುಳಾಗಿ ತೆಗೆದುಕೊಳ್ಳಲಿಲ್ಲ. ಇದನ್ನು ಅಜ್ಞಾನವೆನ್ನಲು ಸಾಧ್ಯವಿಲ್ಲ. ನೂನಿಜನ ವೃತ್ತಾಂತವು ರಾಬರ್ಟ್ ಸೀವೆಲ್ಲನ ಗ್ರಂಥದ ಮೂಲಕ 1900ರಿಂದಲೇ ಸುಲಭವಾಗಿ ಲಭ್ಯವಿದ್ದಿತು. ತಿಮ್ಮರಸುವಿನ ಕಣ್ಣು ಕೀಳಿಸಿದ ಕಥೆಯನ್ನು ಚಿತ್ರಕಾರರು ತೆಗೆದುಕೊಂಡುದು ನೂನಿಜನಿಂದ ಬಂದ ಪರಂಪರೆಯಿಂದಲೇ. ಒಂದೇ ಮೂಲದಿಂದ ಒಂದನ್ನು ಆಯ್ದು ಮತ್ತೊಂದನ್ನು ಬಿಟ್ಟಾಗ ಆ ಬಿಡುವಿಕೆಗೆ ಕಾರಣವನ್ನು ಹುಡುಕಬೇಕಾಗುತ್ತದೆ.

ಒಂದು ಕಾರಣ ಮಾರುಕಟ್ಟೆಯಲ್ಲಿದೆ. ತೆಲುಗು ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದರೂ ಅವುಗಳ ಹಂಚಿಕೆಯ ಬಹುದೊಡ್ಡ ಕೇಂದ್ರ ವಿಜಯವಾಡವಾಗಿದ್ದಿತು. ಅಲ್ಲಿಯ ಗಾಂಧಿನಗರದ ಹಂಚಿಕೆದಾರರ ಮುಂಗಡ ಹಣ ಚಿತ್ರದ ಹಣೆಬರಹವನ್ನು ಬಹುಪಾಲು ನಿರ್ಧರಿಸುತ್ತಿತ್ತು. ಚಿತ್ರವ್ಯಾಪಾರದವರು ತೆಲುಗು ನಾಡನ್ನು ಹಂಚಿಕೊಂಡಿರುವ ವಲಯಗಳ ಹೆಸರುಗಳು ಇತಿಹಾಸದ ವಿದ್ಯಾರ್ಥಿಗೆ ಕುತೂಹಲಕರವಾಗಿವೆ. 'ನಿಜಾಮ್' ಒಂದು, 'ಸೀಡೆಡ್' ಮತ್ತೊಂದು. ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳ ನೆನಪು ಸಿನಿಮಾ ಟಿಕೆಟ್ಟಿನ ಲೆಕ್ಕದಲ್ಲಿ ಇಂದಿಗೂ ಉಳಿದುಬಂದಿರುವುದು ವಿನೋದದ ಸಂಗತಿಯೇ ಸರಿ. ಉಳಿದುವು ನೆಲ್ಲೂರು, ಗುಂಟೂರು, ಕೃಷ್ಣಾ, ಗೋದಾವರಿಯ ಎರಡು ಜಿಲ್ಲೆಗಳು, ವಿಶಾಖ. ಈ ಸಾಲನ್ನು ಸಿಂಹಾಚಲದ ಶಾಸನದ ಸಾಲಿನ ಪಕ್ಕದಲ್ಲಿಟ್ಟು ಓದಬೇಕು. ಉದಯಗಿರಿ, ಕೊಂಡವೀಡು, ಕೊಂಡಪಲ್ಲಿ, ರಾಜಮಹೇಂದ್ರವರ, ಸಿಂಹಾದ್ರಿ: ರಾಯನ ದಂಡಯಾತ್ರೆಯ ಮಾರ್ಗವೂ ಚಿತ್ರದ ಹಂಚಿಕೆಯ ವಲಯಗಳೂ ಹೆಚ್ಚುಕಡಿಮೆ ಒಂದೇ. ಆಕ್ರಮಣಕ್ಕೆ ಒಳಗಾದ ಸೀಮೆಗಳಿಗೆ ಆಕ್ರಮಣದ ಕಥೆಯನ್ನು ಮಾರುವುದು ಹೇಗೆ? ಆಕ್ರಮಣಕಾರನನ್ನು ಅವರವನನ್ನಾಗಿ, ಆಗಿನ ಆಳರಸನನ್ನು ಪರಕೀಯನನ್ನಾಗಿ ಮಾಡಿದಾಗ ಮಾತ್ರ ಅದು ಸಾಧ್ಯ. ಗಜಪತಿಯು ಪರಕೀಯನಾದುದು 1515ರಲ್ಲಲ್ಲ. ಭಾಷಾವಾರು ಪ್ರಾಂತಗಳ ಕಾಲದಲ್ಲಿ. ಆಂಧ್ರ ರಾಜ್ಯ ಹುಟ್ಟಿದುದು 1953ರ ಅಕ್ಟೋಬರ್ 1ರಂದು, ಆಂಧ್ರಪ್ರದೇಶ 1956ರ ನವೆಂಬರ್ 1ರಂದು. 'ತೆನಾಲಿ ರಾಮಕೃಷ್ಣ' ಬಂದುದು ಅದೇ 1956ರಲ್ಲಿ, 'ಮಹಾಮಂತ್ರಿ ತಿಮ್ಮರಸು' ಆರು ವರ್ಷಗಳ ಬಳಿಕ.

ಈ ಎರಡು ಚಿತ್ರಗಳಲ್ಲಿಯೂ ರಾಯನ ಪಾತ್ರ ಎನ್.ಟಿ. ರಾಮರಾವ್ ಅವರದು. ಆದರೆ ಎರಡರಲ್ಲಿ ಶತ್ರು ಬೇರೆ. ಮೊದಲನೆಯದರಲ್ಲಿ ದಖ್ಖಣದ ಸುಲ್ತಾನರು ಕಳುಹಿಸಿದ ಬೇಹುಗಾರ್ತಿಯು ಅರಸನ ಮನಸ್ಸನ್ನು ಸೆರೆಹಿಡಿಯುತ್ತಾಳೆ. ಎರಡನೆಯದರಲ್ಲಿ ಗಜಪತಿಯ ಪಕ್ಷದ ಸಂಚು ಅರಮನೆಯನ್ನು ಹೊಕ್ಕು ರಾಜಕುಮಾರನ ಸಾವಿಗೂ ಮಹಾಮಂತ್ರಿಯ ದುರಂತಕ್ಕೂ ಕಾರಣವಾಗುತ್ತದೆ. ನೂನಿಜ್ ಹೇಳುವ ಕಥೆ ಹೀಗಿಲ್ಲ. ಅರಸನು ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದನು. ಮಗು ರೋಗಕ್ಕೆ ತುತ್ತಾಗಿ ತೀರಿಕೊಂಡಿತು. ತಿಮ್ಮರಸುವಿನ ಮಗನು ವಿಷವಿಕ್ಕಿದನೆಂಬ ಸುದ್ದಿಯನ್ನು ಅರಸನು ನಂಬಿ ಮಂತ್ರಿಯನ್ನು ಮಕ್ಕಳ ಸಹಿತ ಸೆರೆಯಲ್ಲಿಟ್ಟನು, ಕಡೆಗೆ ಕಣ್ಣು ಕೀಳಿಸಿದನು. ಇಲ್ಲಿ ಹೊರಗಿನ ಶತ್ರುವಿಲ್ಲ. ತನ್ನನ್ನು ಸಿಂಹಾಸನಕ್ಕೆ ತಂದವನನ್ನು ಸಂಶಯಿಸುವ ಅಧಿಕಾರದ ಸ್ವಭಾವವಿದೆ. ಚಿತ್ರವು ಅರಸನ ಅಪರಾಧವನ್ನು ಶತ್ರುವಿನ ಲೆಕ್ಕಕ್ಕೆ ಬರೆದುಬಿಡುತ್ತದೆ. ಅರಸನು ಮೋಸಹೋದನು, ತಪ್ಪು ಅವನದಲ್ಲ. ಗುಮ್ಮಡಿಯವರ ತಿಮ್ಮರಸು ತೆಲುಗು ಅಭಿನಯದ ಶ್ರೇಷ್ಠ ಸಾಧನೆಗಳಲ್ಲೊಂದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಆ ಅಭಿನಯದ ಔನ್ನತ್ಯವೇ ಪ್ರಶ್ನೆಯನ್ನು ಮುಚ್ಚುವ ತೆರೆಯಾಗಿಯೂ ಕೆಲಸಮಾಡಿತು. ಮಂತ್ರಿಯ ಕುರುಡುಗಣ್ಣಿಗೆ ಕಣ್ಣೀರಿಟ್ಟ ಪ್ರೇಕ್ಷಕನು ಅರಸನನ್ನು ಪ್ರಶ್ನಿಸದೆ ಮನೆಗೆ ಹೋದನು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಮಧ್ಯಕಾಲೀನ ಕಾವ್ಯಗಳ ಪೀಠಿಕೆಗಳೂ ಶಾಸನಗಳೂ ಪ್ರಶಸ್ತಿಯಲ್ಲವೆ, ಪೆದ್ದನನ 'ಮನುಚರಿತ್ರ'ವೂ ಕಳಿಂಗ ದಿಗ್ವಿಜಯವನ್ನು ಹೊಗಳುವುದಿಲ್ಲವೆ, ಚಿತ್ರವು ಮಾಡಿದ್ದೂ ಅದನ್ನೇ ಅಲ್ಲವೆ ಎಂದು ಕೇಳಬಹುದು. ಅಲ್ಲ. ಪ್ರಶಸ್ತಿಗೆ ತನ್ನದೇ ಆದ ಒಂದು ಮರ್ಯಾದೆ ಇದೆ: ಅದು ಶತ್ರುವನ್ನು ಚಿಕ್ಕವನನ್ನಾಗಿ ಮಾಡುವುದಿಲ್ಲ. ದೊಡ್ಡವನನ್ನು ಗೆದ್ದರೆ ತಾನೆ ದೊಡ್ಡಸ್ತಿಕೆ. ಗಜಪತಿಗಳ ಬಿರುದಾವಳಿಯನ್ನೇ ನೋಡಬಹುದು: 'ಗಜಪತಿ ಗೌಡೇಶ್ವರ ನವಕೋಟಿ ಕರ್ನಾಟ ಕಲಬರಗೇಶ್ವರ'. ಒರಿಸ್ಸದ ಅರಸನು ತನ್ನನ್ನು ಕರ್ನಾಟಕ್ಕೂ ಕಲಬುರಗಿಗೂ ಒಡೆಯನೆಂದು ಕರೆದುಕೊಳ್ಳುತ್ತಾನೆ. ಅವನ ಕಣ್ಣಿಗೆ ಈ ನೆಲಗಳು ಪರಭಾಷೆಯವಲ್ಲ, ಗೆಲ್ಲಬಹುದಾದ ಮಂಡಲಗಳು. ಸಿಂಹಾಚಲದಲ್ಲಿ ಗಂಗರ, ಗಜಪತಿಗಳ, ರಾಯನ ಶಾಸನಗಳು ಒಂದೇ ದೇವಾಲಯದಲ್ಲಿ ಬಾಳಿಕೊಂಡಿವೆ. ಗೆದ್ದವನು ಸೋತವನ ದೇವರಿಗೆ ಮುತ್ತಿನ ಹಾರ ಹಾಕಿ ಹೋದನು, ಸೋತವನ ಕಲ್ಲನ್ನು ಒಡೆಯಲಿಲ್ಲ. ಗಜಪತಿಯ ಆಸ್ಥಾನದಲ್ಲಿದ್ದ ಲೊಲ್ಲ ಲಕ್ಷ್ಮೀಧರನಂತಹ ವಿದ್ವಾಂಸನು ಬಳಿಕ ರಾಯನ ಆಶ್ರಯಕ್ಕೆ ಬರಲು ಯಾವ ಅಡ್ಡಿಯೂ ಇರಲಿಲ್ಲ. 'ಸರಸ್ವತೀವಿಲಾಸ'ವೆಂಬ ಧರ್ಮಶಾಸ್ತ್ರ ಗ್ರಂಥವನ್ನು ಸಿದ್ಧಪಡಿಸಿದ ಆ ಆಸ್ಥಾನವು ಚಿತ್ರದಲ್ಲಿ ಒಳಸಂಚಿನ ಗೂಡು ಮಾತ್ರವಾಗಿ ಉಳಿಯುತ್ತದೆ. ಗಜಪತಿಯ ಮಗಳ ಹೆಸರಿನಲ್ಲಿ 'ತುಕ್ಕಾಪಂಚಕ'ವೆಂಬ ಐದು ಸಂಸ್ಕೃತ ಶ್ಲೋಕಗಳು ಪರಂಪರೆಯಲ್ಲಿ ಪ್ರಚಲಿತವಾಗಿವೆ; ಉಪೇಕ್ಷೆಗೆ ಒಳಗಾದ ರಾಣಿಯ ಸಂಕಟ ಅವುಗಳ ವಸ್ತು. ಅವು ನಿಜಕ್ಕೂ ಅವಳವೋ ಅಲ್ಲವೋ, ಒಪ್ಪಂದದ ಬೆಲೆಯನ್ನು ತೆತ್ತವರು ಯಾರೆಂಬ ಅರಿವು ಆ ಪರಂಪರೆಗೆ ಇದ್ದಿತು. ಗೆದ್ದವರ ಪಕ್ಷಕ್ಕೆ ಒಲಿದು ಬಂದವಳಾಗಿ ಅವಳನ್ನು ತೋರಿಸುವ ಚಿತ್ರಕ್ಕೆ ಈ ಐದು ಶ್ಲೋಕಗಳು ಬೇಕಾಗುವುದಿಲ್ಲ.

ಒಡಿಯಾದಲ್ಲಿ ಈ ಯುದ್ಧಪರಂಪರೆಯ ಕನ್ನಡಿಬಿಂಬವೇ ಇದೆ. ಪುರುಷೋತ್ತಮ ಗಜಪತಿಯ ದಕ್ಷಿಣ ದಂಡಯಾತ್ರೆಯನ್ನು ಕುರಿತ 'ಕಾಂಚಿ ಕಾವೇರಿ'ಯ ಐತಿಹ್ಯವನ್ನು ರಾಮಶಂಕರ ರಾಯರು 1880ರಲ್ಲಿ ನಾಟಕವಾಗಿಸಿದರು. ಅಲ್ಲಿ ಸೊಕ್ಕಿನ ಶತ್ರು ದಕ್ಷಿಣದವನು. ಜಗನ್ನಾಥನೇ ಕುದುರೆಯೇರಿ ಗಜಪತಿಯ ಪರವಾಗಿ ಹೋರಾಡುತ್ತಾನೆ. ಒಂದು ಭಾಷೆಯ ವೀರ ಮತ್ತೊಂದು ಭಾಷೆಯ ಖಳನಾಗುವುದು ಹೀಗೆ.

ಭಾಷೆಯ ಪ್ರಶ್ನೆಗೆ ಬರೋಣ. ಹೊರನಾಡಿನಲ್ಲಿ ಸಂಶೋಧನೆ ನಡೆಸುವವರಿಗೆ ಹೆಚ್ಚಿನ ತೊಡಕನ್ನು ಉಂಟುಮಾಡುವುದು ಇದೇ. ರಾಯನು ಯಾರವನು ಎಂಬ ಪ್ರಶ್ನೆ ವಿದ್ವತ್ತಿನಲ್ಲಿ ಹಳೆಯದು. ವಿಜಯನಗರದ ಮೂಲವನ್ನು ಕುರಿತು ಹೆರಾಸ್, ಸಾಲೆತೊರೆ ಮೊದಲಾದವರು ಕರ್ನಾಟಕದ ಪಕ್ಷವನ್ನೂ ನೇಲಟೂರಿ ವೆಂಕಟರಮಣಯ್ಯನವರು ತೆಲುಗಿನ ಪಕ್ಷವನ್ನೂ ಮಂಡಿಸಿದುದು 1930ರ ಆಸುಪಾಸಿನಲ್ಲಿ. 1936ರ ಆರುನೂರನೆಯ ವರ್ಷದ ಉತ್ಸವವು ಕರ್ನಾಟಕ ಏಕೀಕರಣದ ಉತ್ಸಾಹಕ್ಕೆ ಇಂಬುಕೊಟ್ಟಿತು. ಆದರೆ ಆ ವಾದ ಗ್ರಂಥಾಲಯದೊಳಗಿನದು. ಆಧಾರಗಳನ್ನು ತೋರಿಸಿ, ಎದುರಾಳಿಯ ಆಧಾರಗಳನ್ನು ಉತ್ತರಿಸಿ ನಡೆದ ವಾದ. ಚಿತ್ರವು ಅದಕ್ಕೆ ಒಂದೇ ಏಟಿನಲ್ಲಿ ಉತ್ತರ ಕೊಟ್ಟಿತು: ರಾಯನು ತೆರೆಯ ಮೇಲೆ ಯಾವ ಭಾಷೆಯಲ್ಲಿ ಮಾತನಾಡುತ್ತಾನೋ ಆ ಭಾಷೆಯವನು. ಅರಸನ ಶಾಸನಗಳ ನೀತಿ ಇದಕ್ಕೆ ನೇರವಾಗಿ ವಿರುದ್ಧವಾದುದು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ ಪಟ್ಟಾಭಿಷೇಕದ ಶಾಸನ ಸಂಸ್ಕೃತ ಮತ್ತು ಕನ್ನಡಗಳಲ್ಲಿದೆ, ಸಿಂಹಾಚಲದ್ದು ತೆಲುಗಿನಲ್ಲಿದೆ, ತಿರುಮಲೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇವೆ. ಯಾವ ನೆಲದಲ್ಲಿ ನಿಂತನೋ ಆ ನೆಲದ ಮಾತಿನಲ್ಲಿ ಬರೆಯಿಸಿದನು. ಕನ್ನಡದಲ್ಲಿ ತಿಮ್ಮಣ್ಣ ಕವಿಯಿಂದ ಭಾರತದ ಉಳಿದ ಪರ್ವಗಳನ್ನು ಪೂರ್ಣಗೊಳಿಸಿದವನೂ ಅವನೇ, ತೆಲುಗಿನಲ್ಲಿ 'ಆಮುಕ್ತಮಾಲ್ಯದ'ವನ್ನು ರಚಿಸಿದವನೂ ಅವನೇ.

'ಆಮುಕ್ತಮಾಲ್ಯದ'ದ ಪೀಠಿಕೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು; ಅದರ ಘಟನೆ ನಡೆಯುವುದೂ ವಿಜಯವಾಡದ ನೆರೆಯಲ್ಲಿಯೇ. ಕಳಿಂಗದ ದಂಡಯಾತ್ರೆಯ ನಡುವೆ ರಾಯನು ವಿಜಯವಾಡದಲ್ಲಿ ಕೆಲಕಾಲ ತಂಗಿದ್ದು, ಕೃಷ್ಣೆಯ ತೀರದ ಶ್ರೀಕಾಕುಳದಲ್ಲಿ ಆಂಧ್ರವಿಷ್ಣುವಿನ ದರ್ಶನಕ್ಕೆ ಹೋಗುತ್ತಾನೆ (ಉತ್ತರದ ಶ್ರೀಕಾಕುಳಂ ಜಿಲ್ಲೆಯೊಡನೆ ಇದನ್ನು ಬೆರೆಸಬಾರದು). ಅಲ್ಲಿ ಕನಸಿನಲ್ಲಿ ಕಾಣಿಸಿಕೊಂಡ ದೇವರು ತೆಲುಗಿನಲ್ಲಿ ಕಾವ್ಯ ಬರೆಯೆಂದು ಆದೇಶಿಸುತ್ತಾನೆ. ತೆಲುಗಿನ ಶ್ರೇಷ್ಠತೆಯನ್ನು ಹೇಳುವ ಪದ್ಯಭಾಗವು ಇಂದು ವೇದಿಕೆಗಳ ಮೇಲೆ, ಭಾಷಣಗಳಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಅದೇ ಪೀಠಿಕೆಯಲ್ಲಿ, ಅದಕ್ಕೆ ಅತಿ ಸಮೀಪದಲ್ಲಿಯೇ, ದೇವರು ತನ್ನನ್ನು 'ತೆಲುಗು ರಾಯ'ನೆಂದು ಕರೆದುಕೊಂಡು ಎದುರಿಗಿರುವ ಅರಸನನ್ನು 'ಕನ್ನಡ ರಾಯ' ಎಂದು ಸಂಬೋಧಿಸುತ್ತಾನೆ. ತೆಲುಗಿನ ಅರಸು ದೇವರು. ಮನುಷ್ಯನಾದ ಅರಸನು ಕನ್ನಡದವನು. ಕಾವ್ಯ ಇವರಿಬ್ಬರ ನಡುವಣ ಒಡಂಬಡಿಕೆ. ಇಷ್ಟು ಸೂಕ್ಷ್ಮವಾದ, ಇಷ್ಟು ವಿನಯದ ಏರ್ಪಾಡನ್ನು ಎರಡು ಭಾಗಗಳಾಗಿ ಸೀಳಿ, ತೆಲುಗಿನವರು ಮೊದಲನೆಯ ಭಾಗವನ್ನೂ ಕನ್ನಡದವರು 'ಕನ್ನಡ ರಾಯ' ಎಂಬ ಎರಡು ಪದಗಳನ್ನೂ ಹಂಚಿಕೊಂಡರು. 'ಆಂಧ್ರಭೋಜ' ಒಂದು ಕಡೆ, 'ಕನ್ನಡ ರಾಜ್ಯ ರಮಾರಮಣ' ಇನ್ನೊಂದು ಕಡೆ. ಇದಕ್ಕೆ ಸುಮಾರು ಒಂದು ಶತಮಾನದಷ್ಟು ಮೊದಲು ಶ್ರೀನಾಥನು 'ಭೀಮೇಶ್ವರ ಪುರಾಣ'ದಲ್ಲಿ, ಯಾರು ಏನೆಂದರೂ ಅನ್ನಲಿ, ನನ್ನ ಕವಿತೆಯದು ಕರ್ನಾಟ ಭಾಷೆ ಎಂಬ ಅಭಿಪ್ರಾಯದ ಮ��ತನ್ನಾಡಿದ್ದಾನೆ. ತೆಲುಗು ಕವಿಯೊಬ್ಬನು ಹಾಗೆ ಹೇಳಬಹುದಾಗಿದ್ದ ಲೋಕವನ್ನು ಇಂದಿನ ಗಡಿಗಳಿಂದ ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ.

ಕನ್ನಡದ ಚಿತ್ರವು ಈ ವಿಷಯದಲ್ಲಿ ತೆಲುಗಿನದಕ್ಕಿಂತ ಹೆಚ್ಚು ಪ್ರಾಮಾಣಿಕವೆಂದು ನಾವು ಹೇಳಲಾರೆವು. 1970ರ 'ಶ್ರೀ ಕೃಷ್ಣದೇವರಾಯ'ದಲ್ಲಿ ರಾಜ್‌ಕುಮಾರ್ ಅವರ ಗಾಂಭೀರ್ಯ, ಪಂತುಲು ಅವರೇ ವಹಿಸಿದ ತಿಮ್ಮರಸುವಿನ ಪಾತ್ರ, ಆಸ್ಥಾನದ ವೈಭವ ಎಲ್ಲವೂ ಮನಸ್ಸಿನಲ್ಲಿ ನಿಲ್ಲುತ್ತವೆ. ಆದರೆ ಅಲ್ಲಿ ತೆನಾಲಿ ರಾಮಕೃಷ್ಣನು ನರಸಿಂಹರಾಜು ಅವರ ಬಾಯಿಂದ ಕನ್ನಡದಲ್ಲಿಯೇ ನಗಿಸುತ್ತಾನೆ. ಆಸ್ಥಾನದ ತೆಲುಗು ಕವಿಗಳು ತೆಲುಗಿನವರೆಂಬ ಕುರುಹು ಉಳಿಯುವುದಿಲ್ಲ. ಒಂದು ಭಾಷೆಯ ಚಿತ್ರದಲ್ಲಿ ಬೇರೆ ದಾರಿ ಇರಲಿಲ್ಲವೆನ್ನಬಹುದು. ದಾರಿ ಇದ್ದಿತು: ನಮ್ಮ ಹಳೆಯ ವೃತ್ತಿನಾಟಕಗಳು ಕನ್ನಡದ ನಡುವೆ ತೆಲುಗು ಕಂದವನ್ನು ಹಾಡಿಸಲು ಹಿಂಜರಿಯುತ್ತಿರಲಿಲ್ಲ, ಬಳ್ಳಾರಿ, ಕೋಲಾರಗಳ ಪ್ರೇಕ್ಷಕರು ಅದಕ್ಕೆ ಅಡ್ಡಿಪಡಿಸುತ್ತಲೂ ಇರಲಿಲ್ಲ.

ಈ ಚಿತ್ರಗಳನ್ನು ತಯಾರಿಸಿದವರು ಯಾರೆಂದು ವಿಚಾರಿಸಿದಾಗ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ತೆಲುಗಿನ 'ತೆನಾಲಿ ರಾಮಕೃಷ್ಣ'ವನ್ನು ನಿರ್ದೇಶಿಸಿದ ಬಿ.ಎಸ್. ರಂಗಾ ಕನ್ನಡಿಗರು. ಅದೇ ವರ್ಷ ಅವರು ಅದೇ ಕಥೆಯನ್ನು ತಮಿಳಿನಲ್ಲಿಯೂ ತೆಗೆದರು. ಅಲ್ಲಿ ಶಿವಾಜಿ ಗಣೇಶನ್ ತೆನಾಲಿ ರಾಮನ್, ರಾಯನು ಮತ್ತೆ ರಾಮರಾವ್ ಅವರೇ. ಕನ್ನಡದ ರಾಯನನ್ನು ನಿರ್ಮಿಸಿದ ಪಂತುಲು ಕೋಲಾರ-ಚಿತ್ತೂರುಗಳ ಗಡಿಸೀಮೆಯಿಂದ ಬಂದವರು. ಅದಕ್ಕೂ ಮೊದಲು ತಮಿಳಿಗೆ 'ವೀರಪಾಂಡಿಯ ಕಟ್ಟಬೊಮ್ಮನ್' (1959), ಕನ್ನಡಕ್ಕೆ 'ಕಿತ್ತೂರು ಚೆನ್ನಮ್ಮ' (1961) ಕೊಟ್ಟವರು. ತಮಿಳರ ಸ್ವಾತಂತ್ರ್ಯವೀರನಾಗಿ ತೆರೆಯ ಮೇಲೆ ಮೆರೆದ ಕಟ್ಟಬೊಮ್ಮನ ಮನೆತನದ ಮೂಲ ತೆಲುಗು. ಇವರಲ್ಲಿ ಯಾರೂ ಭಾಷಾಂಧರಾಗಿರಲಿಲ್ಲ. ಮದರಾಸಿನ ಒಂದೇ ಅಂಗಳದಲ್ಲಿ ನಾಲ್ಕು ಭಾಷೆಗಳನ್ನಾಡಿಕೊಂಡು, ಒಂದೊಂದು ಮಾರುಕಟ್ಟೆಗೆ ಒಂದೊಂದು ಪೂರ್ವಜನನ್ನು ಒದಗಿಸಿದವರು. ಬಹುಭಾಷಿಕರು ಏಕಭಾಷಿಕ ಇತಿಹಾಸವನ್ನು ತಯಾರಿಸಿದರೆಂಬುದು ಈ ವಿದ್ಯಮಾನದ ಮರ್ಮ. ಪ್ರಚಾರಕ್ಕೆ ನಂಬಿಕೆಯುಳ್ಳ ಪ್ರಚಾರಕನು ಬೇಕೆಂಬ ಸಾಮಾನ್ಯ ಕಲ್ಪನೆ ಇಲ್ಲಿ ನಿಲ್ಲುವುದಿಲ್ಲ.

ಇವೆಲ್ಲಕ್ಕಿಂತ ಹಿಂದಿನ 'ಮಲ್ಲೀಶ್ವರಿ' ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮೇಲಿನ ಕೃತಿ. ಅಲ್ಲಿ ರಾಮರಾವ್ ಅರಸನಲ್ಲ, ನಾಗರಾಜನೆಂಬ ಶಿಲ್ಪಿ. ಮಾರುವೇಷದಲ್ಲಿ ಬಂದ ರಾಯನು ಹಳ್ಳಿಯ ಹುಡುಗಿಯ ಕಲೆಗೆ ಮೆಚ್ಚುತ್ತಾನೆ. ಆ ಮೆಚ್ಚುಗೆಯ ಫಲವಾಗಿ ಪಲ್ಲಕ್ಕಿ ಬಂದು ಅವಳನ್ನು ರಾಣಿವಾಸಕ್ಕೆ ಹೊತ್ತೊಯ್ಯುತ್ತದೆ. ಇಬ್ಬರು ಪ್ರೇಮಿಗಳ ಬಾಳು ಒಡೆಯುತ್ತದೆ. ಅರಸನು ದುಷ್ಟನಲ್ಲ. ಅವನ ಕೃಪೆಯೇ ಪ್ರಜೆಗೆ ಗಂಡಾಂತರ. ದೇವುಲಪಲ್ಲಿ ಕೃಷ್ಣಶಾಸ್ತ್ರಿಗಳ ಬರವಣಿಗೆಯಿರುವ ಈ ಚಿತ್ರದಲ್ಲಿ ಶತ್ರುವೇ ಇಲ್ಲವೆಂಬುದನ್ನು ಗಮನಿಸಬೇಕು. 1951ರಲ್ಲಿ ಪ್ರಜೆಯಾಗಿದ್ದ ನಟನು 1956ರಲ್ಲಿ ಅರಸನಾದನು. 1947ರ 'ಪಲ್ನಾಟಿ ಯುದ್ಧಂ' ಕೂಡ ಇಂತಹುದೇ. 'ರೈತುಬಿಡ್ಡ' (1939) ಚಿತ್ರದಲ್ಲಿ ಜಮೀನ್ದಾರಿಯನ್ನು ಪ್ರಶ್ನಿಸಿ ನಿಷೇಧವನ್ನು ಎದುರಿಸಿದ ಗೂಡವಲ್ಲಿ ರಾಮಬ್ರಹ್ಮಂ ಅದನ್ನು ಆರಂಭಿಸಿದರು. ಅವರು 1946ರಲ್ಲಿ ನಿಧನರಾದ ಮೇಲೆ ಎಲ್.ವಿ. ಪ್ರಸಾದ್ ಮುಗಿಸಿದರು. ದಾಯಾದಿಗಳ ಆ ಯುದ್ಧದಲ್ಲಿ ಬ್ರಹ್ಮನಾಯುಡುವಿನ ಸಹಪಂಕ್ತಿ ಭೋಜನವಾದ 'ಚಾಪಕೂಡು' ಮುಖ್ಯ ಸಂಗತಿ. ಅದೂ ಪ್ರಚಾರವೇ, ಜಾತಿಯ ವಿರುದ್ಧದ ಪ್ರಚಾರ. ಆದರೆ ಆ ಪ್ರಚಾರಕ್ಕೆ ಹೊರಗಿನವನೊಬ್ಬನು ಬೇಕಾಗಲಿಲ್ಲ.

ವಿಶಾಖಪಟ್ಟಣದ ಕಡೆಯ ಇನ್ನೊಂದು ಚಿತ್ರ 1974ರ 'ಅಲ್ಲೂರಿ ಸೀತಾರಾಮರಾಜು'. ವಿಜಯವಾಡ, ವಿಶಾಖಪಟ್ಟಣಗಳನ್ನು ಅಲುಗಿಸಿದ ಜೈ ಆಂಧ್ರ ಚಳವಳಿ (1972-73) ತಣ್ಣಗಾದ ಮರುವರ್ಷ, ಕೃಷ್ಣ ಅವರು ನಾಯಕರಾಗಿ, ಏಜೆನ್ಸಿಯ ಕಾಡುಗಳಲ್ಲಿ ಚಿತ್ರೀಕರಿಸಿ ತಂದ ಚಿತ್ರವಿದು. ಕರಾವಳಿ ಮತ್ತು ತೆಲಂಗಾಣ ಎಂದು ಒಡೆದಿದ್ದ ತೆಲುಗರನ್ನು ಮತ್ತೆ 'ತೆಲುಗು ವೀರ'ರೆಂದು ಒಟ್ಟಾಗಿ ಕರೆದ ಶ್ರೀಶ್ರೀಯವರ ಗೀತೆಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಆದರೆ 1922-24ರ ರಂಪ ಬಂಡಾಯದ ಬೇರು ಭಾಷಾಭಿಮಾನದಲ್ಲಿರಲಿಲ್ಲ. ಪೋಡು ಬೇಸಾಯಕ್ಕೆ ಅಡ್ಡಿಯಾದ ಅರಣ್ಯ ಕಾನೂನು, ನರ್ಸೀಪಟ್ನದಿಂದ ಮೇಲೇರುವ ರಸ್ತೆಯ ಕೆಲಸಕ್ಕೆ ಬಿಟ್ಟಿ ದುಡಿಸಿದ ಅಧಿಕಾರಿಗಳ ಕಿರುಕುಳ, ಮುಟ್ಟಾದಾರರ ಹಕ್ಕುಗಳ ನಾಶ, ಇವು ಅದರ ಬೇರುಗಳು. ಗಾಂ ಗಂಟಂ ದೊರ, ಮಲ್ಲು ದೊರ ಇವರು ಸ್ವತಃ ನಾಯಕರು. ಚಿತ್ರದ ವಿನ್ಯಾಸದಲ್ಲಿ ಅವರು ಬಯಲುಸೀಮೆಯಿಂದ ಬಂದ ವೀರನ ಅನುಯಾಯಿಗಳಾಗುತ್ತಾರೆ. ಗಜಪತಿಯ ಪ್ರಜೆಗಳು ರಾಯನ ಪ್ರಜೆಗಳಾದಂತೆಯೇ ಇದೂ ಒಂದು ಸ್ವಾಧೀನ. ಈ ಸಲ ಗಡಿ ಭಾಷೆಯದಲ್ಲ, ಬೆಟ್ಟದ್ದು.

ರಾಮರಾವ್ ಅವರು 1982ರ ಮಾರ್ಚಿಯಲ್ಲಿ ತೆಲುಗುದೇಶಂ ಪಕ್ಷವನ್ನು ಕಟ್ಟಿ 1983ರ ಜನವರಿಯಲ್ಲಿ ಅಧಿಕಾರಕ್ಕೆ ಬಂದುದು, 'ತೆಲುಗರ ಆತ್ಮಗೌರವ'ವೆಂಬ ಘೋಷಣೆ, ಇವು ಸುಪರಿಚಿತ. ಎಂ. ಮಾಧವ ಪ್ರಸಾದ್ ಅವರು 'ಸಿನಿ-ಪಾಲಿಟಿಕ್ಸ್' (2014) ಗ್ರಂಥದಲ್ಲಿ, ಸ್ವತಂತ್ರ ಪ್ರಭುತ್ವವಿಲ್ಲದ ಭಾಷಾಸಮುದಾಯವು ನಟನಲ್ಲಿ ತನ್ನ ಸಾರ್ವಭೌಮನನ್ನು ಕಂಡುಕೊಳ್ಳುತ್ತದೆಂದು ವಿವರಿಸಿದ್ದಾರೆ. ರಾಮಚಂದ್ರನ್, ರಾಮರಾವ್, ರಾಜ್‌ಕುಮಾರ್ ಮೂವರೂ ಆ ವಿವರಣೆಗೆ ಒಳಪಡುತ್ತಾರೆ. ಈ ವಾದ ಬೆಲೆಯುಳ್ಳದ್ದು. ಅದಕ್ಕೆ ನಮ್ಮದೊಂದು ತಿದ್ದುಪಡಿ ಇದೆ: ಸಾರ್ವಭೌಮನಿಗೆ ಪ್ರಜೆಗಳಷ್ಟೇ ಸಾಲದು, ನೆಲ ಬೇಕು, ನೆಲಕ್ಕೆ ಎಲ್ಲೆ ಬೇಕು. ಪೌರಾಣಿಕ ಚಿತ್ರದ ರಾಮ, ಕೃಷ್ಣರು ಈ ಎಲ್ಲೆಯನ್ನು ಕೊಡಲಾರರು. ಅದನ್ನು ಕೊಟ್ಟುದು ಐತಿಹಾಸಿಕ ಚಿತ್ರ. ಪೌರಾಣಿಕ ಪಾತ್ರಗಳ ಮೇಲೆಯೇ ದೃಷ್ಟಿ ನೆಟ್ಟ ವಿಮರ್ಶೆಯು ಸಂಖ್ಯೆಯಲ್ಲಿ ಕಡಿಮೆಯಾದ ಈ ಚಿತ್ರಗಳ ಕೆಲಸವನ್ನು ಸಾಕಷ್ಟು ಗಮನಿಸಿಲ್ಲ. ರಾಮರಾವ್ ಅವರ ಕೊನೆಯ ಚಿತ್ರ, ಅವರು ವಿರೋಧಪಕ್ಷದಲ್ಲಿದ್ದ 1993ರಲ್ಲಿ ಬಾಪು ನಿರ್ದೇಶಿಸಿದ 'ಶ್ರೀನಾಥ ಕವಿಸಾರ್ವಭೌಮುಡು' ಎಂಬುದೂ ಇಲ್ಲಿ ನೆನೆಯತಕ್ಕದ್ದು. ಪ್ರೌಢದೇವರಾಯನ ಆಸ್ಥಾನದಲ್ಲಿ ಗೌಡ ಡಿಂಡಿಮಭಟ್ಟನ ಕಂಚಿನ ಢಕ್ಕೆಯನ್ನು ಒಡೆಯಿಸಿ ಕನಕಾಭಿಷೇಕ ಪಡೆದ ಕವಿಯ ಪಾತ್ರವದು. ತನ್ನ ಭಾಷೆಯನ್ನು ಕರ್ನಾಟವೆಂದು ಕರೆದ ಕವಿಯದೂ ಹೌದು.

2022ರ ಏಪ್ರಿಲಿನಲ್ಲಿ ಆಂಧ್ರಪ್ರದೇಶದ ಜಿಲ್ಲೆಗಳನ್ನು ಪುನರ್ವಿಂಗಡಿಸಿದಾಗ ವಿಜಯವಾಡವು ಎನ್.ಟಿ.ಆರ್. ಜಿಲ್ಲೆಯ ಕೇಂದ್ರವಾಯಿತು, ಕೊಂಡಪಲ್ಲಿಯ ಕೋಟೆ ಈಗ ಆ ಜಿಲ್ಲೆಯಲ್ಲಿದೆ. ವಿಶಾಖಪಟ್ಟಣದ ಬೆಟ್ಟಸೀಮೆಯನ್ನು ಬೇರ್ಪಡಿಸಿ ಪಾಡೇರು ಕೇಂದ್ರವಾಗಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯನ್ನು ಮಾಡಲಾಯಿತು. ಮೊದಲ ಹೆಸರು ರಾಯನ ಪಾತ್ರ ವಹಿಸಿದ ನಟನದು, ರಾಯನದಲ್ಲ.

ಹೊರನಾಡಿನ ಸಂಶೋಧಕರು ಕೈಗೊಳ್ಳಬಹುದಾದ ಒಂದು ಕೆಲಸ ಉಳಿದಿದೆ. ಈ ಚಿತ್ರಗಳೊಡನೆ ಚಿತ್ರಮಂದಿರಗಳಲ್ಲಿ ಹಾಡಿನ ಪುಸ್ತಕಗಳು ಮಾರಾಟವಾಗುತ್ತಿದ್ದವು. ಅವುಗಳ ಮೊದಲ ಪುಟಗಳಲ್ಲಿ ಕಥಾಸಾರಾಂಶ ಅಚ್ಚಾಗುತ್ತಿತ್ತು. 'ತೆನಾಲಿ ರಾಮಕೃಷ್ಣ'ದ ತೆಲುಗು ಮತ್ತು ತಮಿಳು ಪುಸ್ತಕಗಳನ್ನೂ, 'ಮಹಾಮಂತ್ರಿ ತಿಮ್ಮರಸು' ಹಾಗೂ 'ಶ್ರೀ ಕೃಷ್ಣದೇವರಾಯ'ದ ಪುಸ್ತಕಗಳನ್ನೂ ಸಂಗ್ರಹಿಸಿ, ರಾಯನನ್ನು ಯಾವ ಯಾವ ವಿಶೇಷಣಗಳಿಂದ ಪರಿಚಯಿಸಲಾಗಿದೆ, ಗಜಪತಿಯನ್ನು ಯಾವ ನಾಡಿನವನೆಂದು ಹೇಳಲಾಗಿದೆ ಎಂಬುದನ್ನು ಪಾಠಾಂತರಗಳನ್ನು ಹೋಲಿಸುವ ಕ್ರಮದಲ್ಲಿಯೇ ಹೋಲಿಸಬಹುದು. ಅವು ಗ್ರಂಥಾಲಯಗಳಲ್ಲಿ ಸಿಗುವುದು ವಿರಳ. ಹಳೆಯ ಪುಸ್ತಕದಂಗಡಿಗಳಲ್ಲಿ, ಹಂಚಿಕೆದಾರರ ಮನೆಗಳ ಅಟ್ಟಗಳಲ್ಲಿ ಹುಡುಕಬೇಕಾಗುತ್ತದೆ.